ಕಟಾನ ಯಾಕೆ ಬಾಗಿರುತ್ತದೆ?

ಅಕ್ಕನ ಮಗನಿಗೆ ಅನಿಮೆ ಹುಚ್ಚು. ಮೊನ್ನೆ ಮನೆಗೆ ಬಂದವನು ಫೋನಿನಲ್ಲಿ ಜಪಾನಿನ ಉದ್ದ ಕತ್ತಿ ಕಟಾನದ ಒಂದು ಜಾಹೀರಾತು ತೋರಿಸಿದ. ಕಪ್ಪು ಹಿಡಿ, ಕೆಂಪು ದಾರ, ಫಳಫಳ ಹೊಳೆಯುವ ಉದ್ದನೆ ಅಲಗು. ಕೆಳಗೆ ‘ಸಾವಿರ ಸಲ ಮಡಚಿದ ಉಕ್ಕು’ ಅಂತ ಬರೆದಿತ್ತು. “ಮಾಮಾ, ಉಕ್ಕನ್ನ ಮಡಚೋದು ಅಂದ್ರೇನು? ಮತ್ತೆ ಇದು ಯಾಕೆ ಬಾಗಿರುತ್ತೆ?” ಎಂದು ಕೇಳಿದ.

ಎರಡೂ ಒಳ್ಳೆಯ ಪ್ರಶ್ನೆಗಳೇ. ಜಪಾನಿನ ಕತ್ತಿ ಅಂದ ಕೂಡಲೇ ನಮಗೆ ಸಮುರಾಯ್ ಯೋಧರು, ಮಾನ, ಮರ್ಯಾದೆ, ಗಾಳಿಯಲ್ಲಿ ತೇಲಿ ಬಂದ ರೇಷ್ಮೆ ಎರಡಾಗಿ ಬೀಳುವುದು ಇವೆಲ್ಲ ನೆನಪಾಗುತ್ತವೆ. ಅದನ್ನೆಲ್ಲ ಸ್ವಲ್ಪ ಪಕ್ಕಕ್ಕಿಟ್ಟು ಕಮ್ಮಾರನ ಪಕ್ಕ ನಿಂತು ನೋಡೋಣ. ಆ ಬಾಗು, ಆ ಪದರ, ಅಲಗಿನ ಮೇಲೆ ಕಾಣುವ ಆ ಅಲೆಯಂಥ ಗೆರೆ, ಯಾವುದೂ ಅಲಂಕಾರಕ್ಕೆ ಹುಟ್ಟಿದ್ದಲ್ಲ. ಎಲ್ಲವೂ ಒಂದೇ ಒಂದು ತಕರಾರನ್ನು ಬಗೆಹರಿಸಲು ಹೋಗಿ ಹುಟ್ಟಿದವು.

## ಮೊದಲು ಹೆಸರುಗಳು

ಜಪಾನಿನ ಹಳೇ ಅಳತೆಯಲ್ಲಿ ಒಂದು ‘ಶಾಕು’ ಅಂದರೆ 30.3 ಸೆಂಟಿಮೀಟರ್. ಹೆಚ್ಚುಕಡಿಮೆ ನಮ್ಮ ಒಂದು ಅಡಿ. ಅಲಗು ಒಂದು ಶಾಕುಗಿಂತ ಚಿಕ್ಕದಿದ್ದರೆ ಅದು ತಾಂತೊ, ಅಂದರೆ ಬಾಕು. ಒಂದರಿಂದ ಎರಡು ಶಾಕು ಇದ್ದರೆ ವಾಕಿಜಾಶಿ. ಎರಡು ಶಾಕು ದಾಟಿದರೆ ತಾಚಿ ಅಥವಾ ಕಟಾನ.

ತಾಚಿಗೂ ಕಟಾನಕ್ಕೂ ಏನು ವ್ಯತ್ಯಾಸ? ಮುಖ್ಯವಾಗಿ, ಧರಿಸುವ ರೀತಿ. ತಾಚಿ ಹಳೆಯದು, ಕುದುರೆ ಸವಾರನದು. ಸೊಂಟದಿಂದ ತೂಗುಬಿಡುತ್ತಿದ್ದರು, ಕತ್ತಿಯ ಬಾಯಿ ನೆಲದ ಕಡೆ. ಕಟಾನ ನಂತರ ಬಂದದ್ದು, ನೆಲದ ಮೇಲೆ ನಿಂತು ಹೊಡೆದಾಡುವವನದು. ಸೊಂಟಕ್ಕೆ ಸುತ್ತಿದ ಬಟ್ಟೆಪಟ್ಟಿಗೆ ಸಿಕ್ಕಿಸುತ್ತಿದ್ದರು, ಬಾಯಿ ಆಕಾಶದ ಕಡೆ. ಹಾಗಿದ್ದರೆ ಒರೆಯಿಂದ ಎಳೆಯುವುದೂ ಕಡಿಯುವುದೂ ಒಂದೇ ಬೀಸಿನಲ್ಲಿ ಆಗುತ್ತದೆ. ಮ್ಯೂಸಿಯಂಗಳಲ್ಲಿ ಇಂದಿಗೂ ತಾಚಿಯನ್ನು ಬಾಯಿ ಕೆಳಗೆ, ಕಟಾನವನ್ನು ಬಾಯಿ ಮೇಲೆ ಮಾಡಿಯೇ ಇಡುತ್ತಾರೆ.

## ಗಟ್ಟಿಯಾದರೆ ಮುರಿಯುತ್ತೆ, ಮೆತ್ತಗಾದರೆ ಬಾಗುತ್ತೆ

ಈಗ ಆ ತಕರಾರಿಗೆ ಬರೋಣ. ಕಬ್ಬಿಣಕ್ಕೆ ಇಂಗಾಲ ಸೇರಿದರೆ ಉಕ್ಕು. ಎಷ್ಟು ಸೇರಿದೆ ಅನ್ನುವುದರ ಮೇಲೆ ಅದರ ಗುಣವೆಲ್ಲ ನಿಂತಿದೆ. ಇಂಗಾಲ ತೀರಾ ಕಡಿಮೆ ಇದ್ದರೆ ಮೊಳೆ ಅಥವಾ ಕಟ್ಟುವ ತಂತಿಯ ಹಾಗೆ ಮೆತ್ತಗೆ. ಬಾಗುತ್ತದೆ, ಮುರಿಯುವುದಿಲ್ಲ. ಶೇಕಡಾ 2 ದಾಟಿದರೆ ಬೀಡು ಕಬ್ಬಿಣ, ಅಂದರೆ ನಮ್ಮ ದೋಸೆ ಕಾವಲಿ. ಬಲು ಗಟ್ಟಿ. ಆದರೆ ಕೈಜಾರಿ ಕಲ್ಲುನೆಲಕ್ಕೆ ಬಿದ್ದರೆ ಎರಡು ಹೋಳು.

ಕತ್ತಿಗೆ ಎರಡೂ ಗುಣ ಬೇಕು. ಬಾಯಿ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಹರಿತ ನಿಲ್ಲುವುದಿಲ್ಲ. ಬೆನ್ನು ಮಾತ್ರ ಏಟು ತಾಳಿಕೊಳ್ಳುವಷ್ಟು ಮೆತ್ತಗಿರಬೇಕು, ಇಲ್ಲದಿದ್ದರೆ ಮೊದಲ ಪೆಟ್ಟಿಗೇ ತುಂಡಾಗುತ್ತದೆ. ಒಂದೇ ಅಲಗಿನಲ್ಲಿ ಎರಡು ಸ್ವಭಾವ ಕೂಡಿಸುವುದು ಹೇಗೆ? ಲೋಕದ ಬೇರೆಬೇರೆ ಕಡೆ ಕಮ್ಮಾರರು ಇದಕ್ಕೆ ಬೇರೆಬೇರೆ ಉತ್ತರ ಕಂಡುಕೊಂಡರು. ಜಪಾನಿನವರು ಕಂಡುಕೊಂಡ ಉತ್ತರವೇ ಕಟಾನ.

## ಮರಳಿನಿಂದ ಉಕ್ಕು

ಆ ದೇಶದಲ್ಲಿ ಕತ್ತಿಯ ಕಥೆ ಶುರುವಾಗುವುದು ಕಲ್ಲದಿರಿನಿಂದಲ್ಲ, ಕಪ್ಪು ಮರಳಿನಿಂದ. ಬೆಟ್ಟದ ಬಂಡೆ ಸವೆದು ಬಂದ ಮಣ್ಣನ್ನು ನೀರಿನಲ್ಲಿ ತೊಳೆದರೆ ಭಾರವಾದ ಕಬ್ಬಿಣದ ಮರಳು ತಳದಲ್ಲಿ ಉಳಿಯುತ್ತದೆ. ಇದನ್ನು ಕರಗಿಸುವ ಒಲೆಗೆ ‘ತತಾರಾ’ ಎಂದು ಹೆಸರು.

ಪಶ್ಚಿಮ ಜಪಾನಿನ ಶಿಮಾನೆ ಪ್ರಾಂತ್ಯದಲ್ಲಿ ಒಕುಇಜುಮೊ ಎಂಬ ಗುಡ್ಡಗಾಡು ಊರಿದೆ. ಜಪಾನಿನ ಕತ್ತಿ ಸಂರಕ್ಷಣೆಯ ಸಂಸ್ಥೆಯೊಂದು 1977ರಲ್ಲಿ ಅಲ್ಲಿ ತತಾರಾಕ್ಕೆ ಮತ್ತೆ ಬೆಂಕಿ ಹಾಕಿತು. ಇವತ್ತಿಗೂ ಚಳಿಗಾಲದಲ್ಲಿ ಅದು ಉರಿಯುತ್ತದೆ. ತೊಟ್ಟಿಯ ಆಕಾರದ ಮಣ್ಣಿನ ಒಲೆ, ಸುಮಾರು ಮೂರು ಮೀಟರ್ ಉದ್ದ. ಎರಡೂ ಪಕ್ಕದಿಂದ ಗಾಳಿ ಊದುತ್ತಾರೆ. ಸುಮಾರು ಅರ್ಧ ಗಂಟೆಗೊಮ್ಮೆ ಒಂದಷ್ಟು ಇದ್ದಿಲು, ಒಂದಷ್ಟು ಮರಳು. ಹೀಗೆ ಮೂರು ಹಗಲು ಮೂರು ರಾತ್ರಿ. ಒಂದು ಸಲದ ಬೆಂಕಿಗೆ ಸುಮಾರು 10 ಟನ್ ಮರಳು, 12 ಟನ್ ಇದ್ದಿಲು ಬೇಕು. ಇದರ ಯಜಮಾನನಿಗೆ ‘ಮುರಗೆ’ ಎನ್ನುತ್ತಾರೆ. ಜ್ವಾಲೆಯ ಬಣ್ಣ ನೋಡಿ, ಒಲೆಯೊಳಗಿನ ಸದ್ದು ಕೇಳಿ ಅವನು ಹದ ಹೇಳುತ್ತಾನೆ. ಬೆಲ್ಲದ ಪಾಕ ಎಳೆ ಬಂತೋ ಇಲ್ಲವೋ ಅಂತ ಗಡಿಯಾರ ನೋಡದೆ ಹೇಳುವ ಅಜ್ಜಿಯ ಹಾಗೆ.

ಕೊನೆಗೆ ಒಲೆಯನ್ನೇ ಒಡೆದು ಹಾಕುತ್ತಾರೆ. ಒಳಗೆ ಕೆಂಡದಂತೆ ಉರಿಯುವ ಒಂದು ದೊಡ್ಡ ಗಡ್ಡೆ ಕೂತಿರುತ್ತದೆ. ಅದು ‘ಕೆರಾ’, ಸುಮಾರು 2.5 ಟನ್. ಅದನ್ನು ಒಡೆದಾಗ ಕತ್ತಿಗೆ ತಕ್ಕ ಒಳ್ಳೆಯ ಉಕ್ಕು ಸಿಗುವುದು ಒಂದು ಟನ್‌ಗಿಂತ ಕಡಿಮೆ. ಇದರ ಹೆಸರು ‘ತಮಹಗಾನೆ’. ಬೆಳ್ಳಿಯಂತೆ ಹೊಳೆಯುವ, ತೂತುತೂತಾದ ಚೂರುಗಳು.

ಜಪಾನಿನ ಕಬ್ಬಿಣವೇ ಕಳಪೆ, ಅದಕ್ಕೇ ಅಷ್ಟೆಲ್ಲ ಕಷ್ಟಪಟ್ಟರು ಅಂತ ಹೇಳುವವರಿದ್ದಾರೆ. ಪೂರ್ತಿ ನಿಜವಲ್ಲ. ಆ ಮರಳಿನಲ್ಲಿ ಉಕ್ಕನ್ನು ಕೆಡಿಸುವ ಗಂಧಕ, ರಂಜಕ ಕಡಿಮೆಯೇ. ತೊಂದರೆ ಇರುವುದು ಬೇರೆ ಕಡೆ. ತತಾರಾದಲ್ಲಿ ಉಕ್ಕು ಪೂರ್ತಿ ಕರಗಿ ನೀರಾಗುವುದಿಲ್ಲ. ಹಾಗಾಗಿ ಗಡ್ಡೆಯ ಒಂದು ಮೂಲೆಯಲ್ಲಿ ಇಂಗಾಲ ಜಾಸ್ತಿ, ಇನ್ನೊಂದು ಮೂಲೆಯಲ್ಲಿ ಕಡಿಮೆ, ನಡುನಡುವೆ ಕಿಟ್ಟ. ಸರಿಯಾಗಿ ಕಲಸದ ಹಿಟ್ಟಿನ ಹಾಗೆ, ಒಂದು ಕಡೆ ಗಂಟು, ಒಂದು ಕಡೆ ನೀರು.

## ಇಲ್ಲಿ ನಮ್ಮ ಮೂಸೆಯ ಮಾತು

ಉಕ್ಕಿನ ವಿಷಯ ಬಂದಾಗ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ದಕ್ಷಿಣ ಭಾರತದ ಹಳೇ ಉಕ್ಕನ್ನು ಯುರೋಪಿನವರು ‘ವೂಟ್ಸ್’ ಎಂದು ಕರೆದರು. ಅದು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಬಂತು ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆ ಸುತ್ತಿದಾಗ ಈ ಕೆಲಸ ನೋಡಿ ಬರೆದಿಟ್ಟಿದ್ದಾನೆ. ಚಿಕ್ಕ ಮಣ್ಣಿನ ಮೂಸೆ, ಒಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಕಡ್ಡಿ, ಒಂದಿಷ್ಟು ಹಸಿ ಎಲೆ. ಬಾಯಿ ಮುಚ್ಚಿ ಕುಲುಮೆಗೆ ಇಡುವುದು.

ನಮ್ಮ ಮೂಸೆಯಲ್ಲಿ ಉಕ್ಕು ಕರಗುತ್ತಿತ್ತು. ಕರಗಿದ್ದರಿಂದ ಕಿಟ್ಟ ಬೇರೆಯಾಗುತ್ತಿತ್ತು, ಇಂಗಾಲ ಸಮನಾಗಿ ಹರಡುತ್ತಿತ್ತು. ಹಾಗಾಗಿ ಅದನ್ನು ಮಡಚುವ ಅಗತ್ಯವೇ ಇರಲಿಲ್ಲ. ಇಂಥ ಉಕ್ಕಿನ ಕತ್ತಿಗಳ ಮೇಲೆ ಕಾಣುವ ನೀರಲೆಯ ಚಿತ್ತಾರ ಉಕ್ಕಿನೊಳಗೇ ಹರಳುಗಟ್ಟಿ ಬಂದದ್ದು. ಜಪಾನಿನ ಕತ್ತಿಯ ಮೇಲಿನ ಮರದ ಎಳೆಯಂಥ ಚಿತ್ತಾರ ಸುತ್ತಿಗೆಯಿಂದ ಬಂದದ್ದು. ನೋಡಲು ಒಂದೇ ಥರ ಕಂಡರೂ ಹುಟ್ಟಿದ ದಾರಿ ಬೇರೆ.

## ಸಾವಿರ ಸಲ ಮಡಚಿದರೆ ಏನಾಗುತ್ತೆ?

ಕಲಸದ ಹಿಟ್ಟನ್ನು ಏನು ಮಾಡುತ್ತೇವೆ? ನಾದುತ್ತೇವೆ. ಮಡಚುವುದೂ ಅದೇ ಕೆಲಸ.

ಮೊದಲು ತಮಹಗಾನೆಯ ಚೂರುಗಳನ್ನು ಕಾಯಿಸಿ, ಬಡಿದು ತೆಳು ಬಿಲ್ಲೆ ಮಾಡಿ, ನೀರಿಗೆ ಹಾಕುತ್ತಾರೆ. ಆಮೇಲೆ ಸುತ್ತಿಗೆಯಿಂದ ಕುಟ್ಟುತ್ತಾರೆ. ಪಟ್ಟನೆ ಒಡೆದದ್ದು ಇಂಗಾಲ ಜಾಸ್ತಿ ಇರುವ ಉಕ್ಕು, ಅದು ಹೊರಮೈಗೆ. ಒಡೆಯದೆ ಬಾಗಿದ್ದು ಬೇರೆ ರಾಶಿಗೆ. ಯಂತ್ರವಿಲ್ಲದೆ ಉಕ್ಕನ್ನು ಆರಿಸುವ ಇದಕ್ಕಿಂತ ಸುಲಭದ ದಾರಿ ನನಗಂತೂ ಗೊತ್ತಿಲ್ಲ.

ಆರಿಸಿದ ಬಿಲ್ಲೆಗಳನ್ನು ಉದ್ದ ಹಿಡಿಕೆಯ ಒಂದು ಪಟ್ಟಿಯ ಮೇಲೆ ಗೋಡೆ ಕಟ್ಟಿದ ಹಾಗೆ ಪೇರಿಸುತ್ತಾರೆ. ಒದ್ದೆ ಕಾಗದ ಸುತ್ತುತ್ತಾರೆ. ಮೇಲೆ ಭತ್ತದ ಹುಲ್ಲಿನ ಬೂದಿ, ಮಣ್ಣು ಕದಡಿದ ನೀರು. ಇದು ಉಕ್ಕಿಗೆ ಹೊದಿಕೆಯ ಹಾಗೆ. ಗಾಳಿ ತಾಗಿ ಮೈ ಸುಟ್ಟು ಹೋಗದಂತೆ ಕಾಯುತ್ತದೆ. ಕಾದು ಬೆಳ್ಳಗಾದ ಮೇಲೆ ಯಜಮಾನ ಚಿಕ್ಕ ಸುತ್ತಿಗೆಯಿಂದ ಅಡಿಗಲ್ಲಿನ ಮೇಲೆ ಟಿಣ್ ಅಂದು ಸೂಚನೆ ಕೊಡುತ್ತಾನೆ. ಎದುರಿಗೆ ನಿಂತ ಶಿಷ್ಯರು ದೊಡ್ಡ ಚಮ್ಮಟಿಗೆ ಎತ್ತಿ ಸರದಿಯಲ್ಲಿ ಬಡಿಯುತ್ತಾರೆ. ಒಳಗಿದ್ದ ಕಿಟ್ಟ ಬೆಂಕಿಹನಿಯಾಗಿ ಸಿಡಿಯುತ್ತದೆ. ನಾವು ವಿಡಿಯೋದಲ್ಲಿ ನೋಡಿ ಬೆರಗಾಗುವ ಆ ಕಿಡಿಗಳಲ್ಲಿ ಬಹಳಷ್ಟು ಉಕ್ಕಿನ ಕೊಳೆಯೇ.

ಬಡಿದು ಉದ್ದ ಮಾಡಿದ ತುಂಡಿಗೆ ನಡುವೆ ಉಳಿಯಿಂದ ಗೀರು ಹಾಕಿ, ಮಡಚಿ, ಮತ್ತೆ ಬೆಸೆಯುವುದು. ಇದೇ ಒಂದು ಮಡಿಕೆ. ಒಂದು ಮಡಿಕೆಗೆ 2 ಪದರ, ಎರಡಕ್ಕೆ 4, ಮೂರಕ್ಕೆ 8. ಹತ್ತು ಸಲ ಮಡಚಿದರೆ 1,024 ಪದರ. ಹದಿನೈದಕ್ಕೆ 32,768. ಚಿರೋಟಿ ಮಾಡುವವರಿಗೆ ಈ ಲೆಕ್ಕ ಕೈಗೇ ಗೊತ್ತು. ಕಮ್ಮಾರರು ಸಾಮಾನ್ಯವಾಗಿ ಇಲ್ಲಿಗೆ, ಅಂದರೆ ಹತ್ತರಿಂದ ಹದಿನೈದು ಸಲಕ್ಕೆ, ನಿಲ್ಲಿಸುತ್ತಾರೆ.

ಯಾಕೆ ನಿಲ್ಲಿಸಬೇಕು? ಪ್ರತಿ ಸಲ ಬೆಂಕಿಗೆ ಹೋದಾಗಲೂ ಉಕ್ಕು ಒಂದಷ್ಟು ತೂಕ, ಒಂದಷ್ಟು ಇಂಗಾಲ ಕಳೆದುಕೊಳ್ಳುತ್ತದೆ. ಶುರುವಿನಲ್ಲಿ ಶೇಕಡಾ 1ರಿಂದ 1.5ರಷ್ಟಿದ್ದ ಇಂಗಾಲ ಕೊನೆಗೆ ಸುಮಾರು 0.7ಕ್ಕೆ ಇಳಿಯುತ್ತದೆ. ಕತ್ತಿಗೆ ಬೇಕಾದದ್ದು ಅಷ್ಟೇ. ಇನ್ನೂ ಮಡಚಿದರೆ ಉಕ್ಕು ಬರೀ ಕಬ್ಬಿಣವಾಗುತ್ತಾ ಹೋಗುತ್ತದೆ. 20 ಸಲಕ್ಕೇ ಪದರ 10 ಲಕ್ಷ ದಾಟುತ್ತದೆ. ಸಾವಿರ ಸಲ ಮಡಚಲು ಕೂತರೆ ಕೈಯಲ್ಲಿ ಕತ್ತಿ ಉಳಿಯುವುದಿಲ್ಲ, ಬೂದಿ ಉಳಿಯುತ್ತದೆ. ಆ ಜಾಹೀರಾತಿನವರು ಪದರವನ್ನು ಮಡಿಕೆ ಅಂದುಕೊಂಡಿರಬೇಕು, ಪಾಪ.

## ಹೋಳಿಗೆಯ ಉಪಾಯ

ತಕರಾರಿಗೆ ಮೊದಲ ಉತ್ತರ ಇಲ್ಲಿದೆ. ಮಡಚಿದ ಗಟ್ಟಿ ಉಕ್ಕನ್ನು ಕನಕದಂತೆ ಹರಡಿ, ಒಳಗೆ ಇಂಗಾಲ ಕಡಿಮೆಯ ಮೆತ್ತನೆ ಕಬ್ಬಿಣವನ್ನು ಹೂರಣದಂತೆ ಇಟ್ಟು, ಮುಚ್ಚಿ ಬಡಿಯುತ್ತಾರೆ. ಹೊರಮೈ ಗಟ್ಟಿ, ಒಳಗೆ ಮೆತ್ತಗೆ. ಇದನ್ನು ‘ಕೊಬುಸೆ’ ಎನ್ನುತ್ತಾರೆ. ಬೆನ್ನಿಗೆ ಒಂದು ಥರ, ಪಕ್ಕಕ್ಕೆ ಒಂದು ಥರ, ಬಾಯಿಗೆ ಒಂದು ಥರ ಉಕ್ಕು ಜೋಡಿಸುವ ಇನ್ನೂ ಕಷ್ಟದ ವಿಧಾನಗಳೂ ಇವೆ. ಉಪಾಯ ಮಾತ್ರ ಒಂದೇ.

ಆಮೇಲೆ ಬಡಿದು ಉದ್ದ ಎಳೆದು, ತುದಿ ಮಾಡಿ, ಬಾಯಿಯ ಕಡೆ ತೆಳು ಮಾಡುತ್ತಾರೆ. ಈಗ ಕತ್ತಿಯ ಆಕಾರ ಬಂತು. ಬಾಗು ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.

## ಮಣ್ಣು, ಕತ್ತಲೆ, ನೀರು

ಇಡೀ ಕೆಲಸದಲ್ಲಿ ಎದೆ ಡವಡವ ಅನ್ನಿಸುವ ಗಳಿಗೆ ಇದು. ವಾರಗಟ್ಟಲೆ ಬಡಿದದ್ದು ಉಳಿಯುತ್ತದೋ ಹೋಗುತ್ತದೋ ಕೆಲವೇ ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

ಜೇಡಿಮಣ್ಣು, ಇದ್ದಿಲ ಪುಡಿ, ಸಾಣೆಕಲ್ಲಿನ ಪುಡಿ ಕಲಸಿ ಒಂದು ಲೇಪ ಮಾಡುತ್ತಾರೆ. ಒಬ್ಬೊಬ್ಬ ಕಮ್ಮಾರನದು ಒಂದೊಂದು ಪಾಕ. ಇದನ್ನು ಕತ್ತಿಯ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಹಚ್ಚುತ್ತಾರೆ. ದಪ್ಪ ಮತ್ತು ತೆಳುವಿನ ಗಡಿಯನ್ನು ಕಡ್ಡಿಯಲ್ಲಿ ಬಿಡಿಸುತ್ತಾರೆ. ನೇರ ಬಿಡಿಸಬಹುದು, ಅಲೆಅಲೆಯಾಗಿ ಬಿಡಿಸಬಹುದು, ಲವಂಗದ ಮೊಗ್ಗಿನ ಸಾಲಿನಂತೆಯೂ ಬಿಡಿಸಬಹುದು. ಲವಂಗದ ಮೊಗ್ಗು ನನ್ನ ಹೋಲಿಕೆಯಲ್ಲ, ಆ ನಮೂನೆಗೆ ಅವರಿಟ್ಟ ಹೆಸರೇ ‘ಚೋಜಿ’, ಅಂದರೆ ಲವಂಗ.

ಮಣ್ಣು ಒಣಗಿದ ಮೇಲೆ ಕುಲುಮೆಯ ಮನೆಯನ್ನು ಕತ್ತಲೆ ಮಾಡುತ್ತಾರೆ. ಹಲವರು ರಾತ್ರಿಯೇ ಈ ಕೆಲಸ ಇಟ್ಟುಕೊಳ್ಳುತ್ತಾರೆ. ಕಾದ ಉಕ್ಕಿನ ಬಣ್ಣ ಬೆಳಕಿನಲ್ಲಿ ಕಣ್ಣಿಗೆ ಮೋಸ ಮಾಡುತ್ತದೆ. ಬೇಕಾದದ್ದು 750ರಿಂದ 800 ಡಿಗ್ರಿ. ಕತ್ತಿಯನ್ನು ಇದ್ದಿಲಿನೊಳಗೆ ಹಿಂದೆ ಮುಂದೆ ಎಳೆಯುತ್ತಾ ಉದ್ದಕ್ಕೂ ಒಂದೇ ಬಣ್ಣ ಬರುವ ತನಕ ಕಾಯುತ್ತಾರೆ. ಬಂತು ಅನ್ನಿಸಿದ ಕ್ಷಣ ನೀರಿನ ತೊಟ್ಟಿಗೆ.

ನೀರಿನಲ್ಲಿ ನಡೆಯುವುದೇನು? ಉಕ್ಕು ಕಾದಾಗ ಇಂಗಾಲ ಕಬ್ಬಿಣದ ಕಣಗಳ ನಡುವೆ ಸಲೀಸಾಗಿ ನುಸುಳಿ ಕೂರುತ್ತದೆ. ರಶ್ ಇರುವ ಬಸ್ಸನ್ನು ನೆನೆಸಿಕೊಳ್ಳಿ. ನಿಧಾನಕ್ಕೆ ನಿಲ್ಲಿಸಿದರೆ ಜನ ಒಬ್ಬೊಬ್ಬರಾಗಿ ಇಳಿದು ತಮ್ಮ ಜಾಗ ಹುಡುಕಿಕೊಳ್ಳುತ್ತಾರೆ. ಬಾಗಿಲು ಧಡ್ ಅಂತ ಮುಚ್ಚಿದರೆ ಒಳಗಿದ್ದವರು ಒಳಗೇ. ಇಕ್ಕಟ್ಟಿನಲ್ಲಿ ಬಸ್ಸೇ ಉಬ್ಬಿದ ಹಾಗೆ. ಬಾಯಿಯ ಮೇಲೆ ಮಣ್ಣು ತೆಳು, ಅದು ತಟ್ಟನೆ ತಣಿಯುತ್ತದೆ, ಇಂಗಾಲ ಸಿಕ್ಕಿಹಾಕಿಕೊಳ್ಳುತ್ತದೆ. ಆ ಇಕ್ಕಟ್ಟೇ ಗಡಸುತನ. ಇಂಥ ಉಕ್ಕಿಗೆ ಲೋಹಶಾಸ್ತ್ರದಲ್ಲಿ ಮಾರ್ಟೆನ್ಸೈಟ್ ಎಂದು ಹೆಸರು. ಬೆನ್ನಿನ ಮೇಲೆ ಮಣ್ಣಿನ ಕಂಬಳಿ ಇದೆ, ಅದು ನಿಧಾನ ತಣಿಯುತ್ತದೆ, ಮೆತ್ತಗೆ ಉಳಿಯುತ್ತದೆ.

ಇನ್ನು ಅಕ್ಕನ ಮಗನ ಪ್ರಶ್ನೆ. ಗಡಸಾದ ಬಾಯಿ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಅಂದರೆ ಹಿಗ್ಗುತ್ತದೆ. ಬೆನ್ನು ಹಾಗೆ ಹಿಗ್ಗುವುದಿಲ್ಲ. ಒಂದು ಪಕ್ಕ ಉದ್ದವಾಗಿ ಇನ್ನೊಂದು ಪಕ್ಕ ಅಷ್ಟೇ ಉಳಿದರೆ ಪಟ್ಟಿ ಬಾಗಲೇಬೇಕಲ್ವಾ? ಕತ್ತಿ ನೀರಿನೊಳಗೆ ಮೊದಲು ಒಂದು ಕ್ಷಣ ಮುಂದಕ್ಕೆ ತಲೆ ತಗ್ಗಿಸಿ, ಆಮೇಲೆ ಬೆನ್ನಿನ ಕಡೆಗೆ ಬಾಗುತ್ತದೆ. ಕಮ್ಮಾರ ಬಡಿಯುವಾಗಲೇ ಸ್ವಲ್ಪ ಬಾಗು ಕೊಟ್ಟಿರಬಹುದು. ಉಳಿದ ಬಾಗನ್ನು ನೀರೇ ಕೊಡುತ್ತದೆ.

ಎಲ್ಲ ಸಲವೂ ಸುಖಾಂತ್ಯವಿಲ್ಲ. ಎಳೆತ ತಾಳದೆ ಬಾಯಿಯಲ್ಲಿ ಕೂದಲಿನಷ್ಟು ಬಿರುಕು ಬಿಟ್ಟರೂ ಮುಗಿಯಿತು. ಅದಕ್ಕೆ ಔಷಧಿಯಿಲ್ಲ, ಆ ಕತ್ತಿ ಗುಜರಿಗೆ.

ಉಳಿದದ್ದರಲ್ಲಿ ಗಟ್ಟಿ ಬಾಯಿಗೂ ಮೆತ್ತನೆ ಬೆನ್ನಿಗೂ ನಡುವೆ ಬಿಳಿ ಮಂಜಿನಂಥ ಗಡಿ ಮೂಡುತ್ತದೆ. ಅದೇ ‘ಹಮೊನ್’, ಆ ಅಲೆಯ ಗೆರೆ. ಅಗ್ಗದ ಕತ್ತಿಗಳ ಮೇಲೆ ಇದನ್ನು ಆಸಿಡ್ ಹಚ್ಚಿಯೋ ಬ್ರಶ್ಶಿನಿಂದ ಉಜ್ಜಿಯೋ ಬರಿಸುತ್ತಾರೆ. ಅದು ಬರೀ ಮೈಮೇಲಿನ ಚಿತ್ರ.

## ಹೆಬ್ಬೆರಳಿನ ಕೆಲಸ

ಕಮ್ಮಾರನ ಕೈಯಿಂದ ಹೊರಬಂದ ಕತ್ತಿ ಮಂಕಾಗಿರುತ್ತದೆ. ಅದನ್ನು ‘ತೊಗಿಶಿ’, ಅಂದರೆ ಸಾಣೆಯವನು, ತೆಗೆದುಕೊಳ್ಳುತ್ತಾನೆ. ಇದು ಪೂರ್ತಿ ಬೇರೆ ಕಸುಬು. ಒರಟು ಕಲ್ಲಿನಿಂದ ನುಣುಪು ಕಲ್ಲಿಗೆ ಹಂತಹಂತವಾಗಿ ಸಾಗುತ್ತಾನೆ. ಒಂದು ಕತ್ತಿಗೆ ವಾರಗಳೇ ಹಿಡಿಯುತ್ತವೆ. ಕೊನೆಯ ಹಂತದ ಕಲ್ಲುಗಳು ಕ್ಯೋಟೊ ಸುತ್ತಲಿನ ಬೆಟ್ಟದವು. ಅವನ್ನು ಹಾಳೆಯಷ್ಟು ತೆಳು ಮಾಡಿ, ಕಾಗದ ಅಂಟಿಸಿ, ಉಗುರಿನಷ್ಟು ಚೂರನ್ನು ಹೆಬ್ಬೆರಳಿನ ಕೆಳಗಿಟ್ಟು ಅಲಗನ್ನು ತೀಡುತ್ತಾನೆ. ಹಮೊನ್ ಬೆಳ್ಳಗೆ, ಅದರ ಮೇಲಿನ ಮೈ ನೀಲಿಗಪ್ಪಾಗಿ ಎದ್ದು ಕಾಣುವುದು ಆಗಲೇ.

ಒರೆ ಮಾಡುವವನು ಇನ್ನೊಬ್ಬ. ಮ್ಯಾಗ್ನೋಲಿಯಾ ಜಾತಿಯ ಮರದ ಎರಡು ಹೋಳು ಕೊರೆದು ಜೋಡಿಸುತ್ತಾನೆ. ಅಂಟು ಯಾವುದು ಗೊತ್ತಾ? ಅನ್ನ. ನಾವು ಗಾಳಿಪಟಕ್ಕೆ ಹಚ್ಚುತ್ತಿದ್ದೆವಲ್ಲ, ಅದೇ. ಅನ್ನದ ಅಂಟು ಬೇಕಾದಾಗ ಬಿಡುತ್ತದೆ. ಒರೆ ಬಿಚ್ಚಿ ಒಳಗಿನ ತುಕ್ಕು, ಧೂಳು ತೆಗೆದು ಮತ್ತೆ ಅಂಟಿಸಬಹುದು.

ಹಿಡಿಯ ಮರಕ್ಕೆ ತೊರಕೆ ಮೀನಿನ ಒರಟು ಚರ್ಮ ಹೊದಿಸಿ, ಮೇಲೆ ದಾರದ ಪಟ್ಟಿ ಸುತ್ತುತ್ತಾರೆ. ಈ ಹಿಡಿಗೂ ಅಲಗಿಗೂ ಇರುವ ಸಂಬಂಧ ಸಾಮಾನ್ಯವಾಗಿ ಒಂದೇ ಒಂದು ಬಿದಿರಿನ ಗೂಟ. ಅದನ್ನು ತಟ್ಟಿ ತೆಗೆದರೆ ಕತ್ತಿ ಬಿಡಿಬಿಡಿಯಾಗುತ್ತದೆ. ಒಳಗೆ ಅಡಗಿದ್ದ ಅಲಗಿನ ಬುಡ ಹೊರಬರುತ್ತದೆ. ಇದರ ಹೆಸರು ‘ನಕಾಗೊ’. ಕಮ್ಮಾರನ ಹೆಸರು, ಕೆಲವೊಮ್ಮೆ ಊರು, ತಾರೀಖು ಕೆತ್ತಿರುವುದು ಇಲ್ಲೇ. ಕತ್ತಿಯ ಮೇಲೆ ಎಲ್ಲಿಯೂ ತುಕ್ಕು ಇರಬಾರದು, ಇಲ್ಲಿ ಮಾತ್ರ ಇರಬೇಕು. ಕತ್ತಿಯ ವಯಸ್ಸು ಹೇಳುವಾಗ ಪರಿಣತರು ನೋಡುವ ಮುಖ್ಯ ಗುರುತುಗಳಲ್ಲಿ ಬುಡದ ತುಕ್ಕೂ ಒಂದು. ಅಜ್ಜನ ಕಾಲದ ಕತ್ತಿ ಸಿಕ್ಕಿತು ಅಂತ ಯಾರೋ ಬುಡವನ್ನು ಮರಳುಕಾಗದದಿಂದ ಉಜ್ಜಿ ಲಕಲಕ ಮಾಡಿದರೆ, ಅಲ್ಲಿಗೆ ಅದರ ಬೆಲೆ ತೊಳೆದುಹೋಯಿತು.

## ನೇರ ಕತ್ತಿಯಿಂದ ಬಾಗಿದ ಕತ್ತಿಗೆ

ಕಬ್ಬಿಣದ ವಿದ್ಯೆ ಜಪಾನಿಗೆ ಚೀನಾ, ಕೊರಿಯಾ ಕಡೆಯಿಂದ ಹೋದದ್ದು. ಮೊದಲ ಕತ್ತಿಗಳು ನೇರವಾಗಿದ್ದವು. ನಾರಾ ಊರಿನ ಶೋಸೋಇನ್ ಭಂಡಾರದಲ್ಲಿ 8ನೇ ಶತಮಾನದ ಅಂಥ ಕತ್ತಿಗಳು ಈಗಲೂ ಇವೆ. ಹತ್ತನೇ ಶತಮಾನದ ಸುಮಾರಿಗೆ, ಕುದುರೆ ಮೇಲಿನ ಯೋಧರ ಕಾಲದಲ್ಲಿ, ಬಾಗಿದ ತಾಚಿ ಬಂತು. ಕುದುರೆ ಓಡುವಾಗ ಚುಚ್ಚುವುದಕ್ಕಿಂತ ಬೀಸಿ ಎಳೆಯುವುದು ಸುಲಭ, ಬಾಗಿದ ಅಲಗು ಅದಕ್ಕೆ ಹೇಳಿ ಮಾಡಿಸಿದ್ದು. ನೀರು ಕೊಟ್ಟ ಬಾಗು, ಸವಾರನಿಗೆ ಬೇಕಾದ ಬಾಗು, ಎರಡೂ ಒಂದೇ ಕಡೆ ಬಂದು ಸೇರಿದವು.

ಕಾಮಾಕುರಾ ಕಾಲವನ್ನು, ಅಂದರೆ 1185ರಿಂದ 1333ರವರೆಗಿನ ಕಾಲವನ್ನು, ಕತ್ತಿಯ ಚಿನ್ನದ ಕಾಲ ಎನ್ನುತ್ತಾರೆ. ಪಟ್ಟ ಬಿಟ್ಟ ಚಕ್ರವರ್ತಿ ಗೊತೊಬಾ ಒಳ್ಳೊಳ್ಳೆಯ ಕಮ್ಮಾರರನ್ನು ತಿಂಗಳ ಸರದಿಯಲ್ಲಿ ಅರಮನೆಗೆ ಕರೆಸುತ್ತಿದ್ದ. ತಾನೂ ಕೈಯಿಟ್ಟು ಕೆಲಸ ಮಾಡುತ್ತಿದ್ದ ಎಂದು ಹೇಳುತ್ತಾರೆ. ಐದು ಸೀಮೆಗಳಲ್ಲಿ ಐದು ಶೈಲಿ ಬೆಳೆದವು: ಯಾಮಾಶಿರೊ, ಯಾಮಾತೊ, ಬಿಜೆನ್, ಸೋಶು, ಮಿನೊ. ಸೋಶುವಿನ ಮಾಸಾಮುನೆ ಇವರಲ್ಲೆಲ್ಲ ಹೆಸರಾದವನು. ಅವನ ಸಹಿ ಇರುವ ಕತ್ತಿಗಳು ಮಾತ್ರ ತೀರಾ ವಿರಳ. ಬಿಜೆನ್‌ನ ಒಸಾಫುನೆ ಊರು ಶತಮಾನಗಳ ಕಾಲ ಕತ್ತಿಯ ಕಾರ್ಖಾನೆಯಂತಿತ್ತು. 1590ರ ಸುಮಾರಿಗೆ ಪಕ್ಕದ ಯೊಶೀ ನದಿ ಉಕ್ಕಿ ಹರಿದು ಆ ಕೇರಿಯನ್ನೇ ಕೊಚ್ಚಿಕೊಂಡು ಹೋಯಿತು.

ಇಲ್ಲಿ ಒಂದು ಭ್ರಮೆ ಬಿಡಬೇಕು. ಯುದ್ಧದಲ್ಲಿ ಸಮುರಾಯ್‌ನ ಮೊದಲ ಆಯುಧ ಕತ್ತಿಯಲ್ಲ. ಮೊದಲು ಬಿಲ್ಲು, ಆಮೇಲೆ ಈಟಿ. 1543ರಲ್ಲಿ ಪೋರ್ಚುಗೀಸರ ಜೊತೆ ತನೆಗಾಶಿಮಾ ದ್ವೀಪಕ್ಕೆ ಬಂದೂಕು ಬಂದ ಮೇಲೆ ಅದೂ ಸೇರಿಕೊಂಡಿತು. ಕತ್ತಿ ಹತ್ತಿರದ ಕೈಕೈ ಮಿಲಾಯಿಸುವಿಕೆಗೆ. ಪ್ರತಿ ಕತ್ತಿಯೂ ಕಲಾಕೃತಿಯಾಗಿರಲಿಲ್ಲ. ಅಂತರ್ಯುದ್ಧದ ಕಾಲದಲ್ಲಿ ಕಟ್ಟುಕಟ್ಟಾಗಿ ಬಡಿದು ಕೊಟ್ಟ ಅಗ್ಗದ ಕತ್ತಿಗಳೂ ಇದ್ದವು. ಚೀನಾಕ್ಕೆ ಹತ್ತಾರು ಸಾವಿರ ಕತ್ತಿ ರಫ್ತಾದವು.

1588ರಲ್ಲಿ ಆಗ ದೇಶ ಆಳುತ್ತಿದ್ದ ತೊಯೊತೊಮಿ ಹಿದೆಯೊಶಿ ರೈತರ ಕೈಯಿಂದ ಆಯುಧ ಕಿತ್ತುಕೊಂಡ. 1603ರಿಂದ ಎದೊ ಕಾಲದ ಶಾಂತಿ ಶುರುವಾಯಿತು. ಉದ್ದ ಕತ್ತಿ ಮತ್ತು ಚಿಕ್ಕ ಕತ್ತಿ ಜೋಡಿಯಾಗಿ ಕಟ್ಟಿಕೊಳ್ಳುವುದು ಸಮುರಾಯ್ ಎಂಬ ಜಾತಿಯ ಗುರುತಾಯಿತು. ಯುದ್ಧವಿಲ್ಲದಿದ್ದರೆ ಹರಿತ ನೋಡುವುದು ಹೇಗೆ? ಮರಣದಂಡನೆಯಾದವರ ಹೆಣದ ಮೇಲೆ ಕತ್ತಿ ಪರೀಕ್ಷಿಸುತ್ತಿದ್ದರು. ಯಾಮಾದಾ ಅಸಾಎಮೊನ್ ಎಂಬ ಮನೆತನಕ್ಕೆ ಇದೇ ಕೆಲಸ. ಎಷ್ಟು ಕಡಿಯಿತು ಅನ್ನುವುದನ್ನು ಬುಡದ ಮೇಲೆ ಚಿನ್ನದಲ್ಲಿ ಕೆತ್ತಿಸಿದ ಕತ್ತಿಗಳು ಇಂದಿಗೂ ಸಿಗುತ್ತವೆ.

## ಕಟ್ಟಬಾರದು ಅಂದ ಮೇಲೆ

1876ರಲ್ಲಿ ಚಕ್ರವರ್ತಿ ಮೇಜಿಯ ಸರ್ಕಾರ ಬಹಿರಂಗವಾಗಿ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ನಿಷೇಧಿಸಿತು. ಕಮ್ಮಾರರ ಹೊಟ್ಟೆಪಾಡು ಒಂದೇ ಏಟಿಗೆ ಕುಸಿಯಿತು. ಎಷ್ಟೋ ಮಂದಿ ಅಡುಗೆ ಚಾಕು, ಕುಡುಗೋಲಿನ ಕಡೆ ತಿರುಗಿದರು. ಮಿನೊ ಶೈಲಿಯ ಸೆಕಿ ಊರು ಇವತ್ತು ಚಾಕು ಕತ್ತರಿಗೆ ಹೆಸರುವಾಸಿ.

ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯಕ್ಕೆ ರಾಶಿರಾಶಿ ಕತ್ತಿ ಬೇಕಾಯಿತು. ಅವುಗಳಲ್ಲಿ ಹೆಚ್ಚಿನವು ಕಾರ್ಖಾನೆಯ ಉಕ್ಕಿನವು. ಮಡಚಿದ್ದಿಲ್ಲ, ನೀರಿನ ಬದಲು ಎಣ್ಣೆಯಲ್ಲಿ ಅದ್ದಿದ್ದು. 1945ರಲ್ಲಿ ಬರ್ಮಾ, ಮಲಯಾಗಳಲ್ಲಿ ಜಪಾನಿ ಅಧಿಕಾರಿಗಳು ಶರಣಾಗುವಾಗ ಕತ್ತಿ ಒಪ್ಪಿಸಬೇಕಾಯಿತು. ಹಾಗೆ ಪಡೆದವರಲ್ಲಿ ಭಾರತೀಯ ಸೇನೆಯವರೂ ಇದ್ದರು.

ಜಪಾನಿನೊಳಗೆ ಅಮೆರಿಕದ ಸೇನಾಡಳಿತ ಎಲ್ಲ ಆಯುಧ ತಂದೊಪ್ಪಿಸಿ ಎಂದಿತು. ಎದೊ ಕಾಲದಲ್ಲಿ ದೇಶ ಆಳಿದ್ದ ತೊಕುಗಾವಾ ಮನೆತನದವರು ‘ಹೊಂಜೊ ಮಾಸಾಮುನೆ’ ಎಂಬ ಹೆಸರಾಂತ ಕತ್ತಿಯನ್ನು ಆ ಡಿಸೆಂಬರಿನಲ್ಲಿ ಪೊಲೀಸರಿಗೆ ಕೊಟ್ಟರು. ಅದು ಎಲ್ಲಿ ಹೋಯಿತೋ, ಇವತ್ತಿನವರೆಗೆ ಸಿಕ್ಕಿಲ್ಲ. ಎಲ್ಲವೂ ಹೀಗೇ ಹೋಗುತ್ತಿತ್ತೇನೋ. ಹೊಂಮಾ ಜುಂಜಿ ಎಂಬ ವಿದ್ವಾಂಸ ಅಮೆರಿಕದ ಕರ್ನಲ್ ಕ್ಯಾಡ್ವೆಲ್ ಅವರ ಮುಂದೆ ಕತ್ತಿಗಳನ್ನಿಟ್ಟು ಇದು ಬರೀ ಆಯುಧವಲ್ಲ, ಕಲೆ ಎಂದು ವಾದಿಸಿದರು. ಕಲೆಯೆಂದು ಗುರುತಿಸಿದ ಕತ್ತಿಗಳನ್ನು ಬಿಟ್ಟುಕೊಟ್ಟರು. 1948ರಲ್ಲಿ ಕತ್ತಿ ಸಂರಕ್ಷಣೆಗೆ ಸಂಸ್ಥೆಯೊಂದು ಹುಟ್ಟಿತು. ಒಕುಇಜುಮೊದ ಒಲೆಗೆ ಬೆಂಕಿ ಹಾಕಿದ್ದು ಇದೇ ಸಂಸ್ಥೆ.

## ಈಗ ಯಾರು ಮಾಡುತ್ತಾರೆ?

ಈಗ ಜಪಾನಿನಲ್ಲಿ ಕತ್ತಿ ಮಾಡಲು ಸಂಸ್ಕೃತಿ ಇಲಾಖೆಯ ಲೈಸೆನ್ಸ್ ಬೇಕು. ಅದಕ್ಕೆ ಮೊದಲು ಗುರುವಿನ ಹತ್ತಿರ ಕನಿಷ್ಠ ಐದು ವರ್ಷ ಶಿಷ್ಯವೃತ್ತಿ. ಲೈಸೆನ್ಸ್ ಸಿಕ್ಕ ಮೇಲೂ ತಿಂಗಳಿಗೆ ಎರಡೇ ಉದ್ದ ಕತ್ತಿ ಮಾಡಬಹುದು. ಅವಸರಕ್ಕೆ ಕಳಪೆ ಕತ್ತಿ ಬರಬಾರದು ಅಂತ. ಪ್ರತಿ ಕತ್ತಿಗೂ ನೋಂದಣಿ ಪತ್ರ ಇರುತ್ತದೆ. ಗಾಡಿಯ ಆರ್‌ಸಿ ಇದ್ದ ಹಾಗೆ, ಅದು ಕತ್ತಿಯ ಜೊತೆಗೇ ಹೋಗುತ್ತದೆ. ಪತ್ರವಿಲ್ಲದ ಕತ್ತಿ ಇಟ್ಟುಕೊಳ್ಳುವುದು ಅಪರಾಧ.

2015ರಲ್ಲಿ ಹೆಸರಾಂತ ಕತ್ತಿಗಳೇ ಯುವಕರ ರೂಪದಲ್ಲಿ ಬರುವ ಒಂದು ಆನ್‌ಲೈನ್ ಗೇಮ್ ಬಂತು. ಆಮೇಲೆ ಮ್ಯೂಸಿಯಂಗಳ ಮುಂದೆ ಹುಡುಗಿಯರ ಸಾಲು ನಿಂತಿತು. 2020ರಲ್ಲಿ ಸೆತೊಉಚಿ ಎಂಬ ಚಿಕ್ಕ ನಗರ, ಅಂದರೆ ಹಳೇ ಒಸಾಫುನೆ ಸೇರಿರುವ ನಗರ, ಜನರಿಂದ ದೇಣಿಗೆ ಎತ್ತಿ ಸುಮಾರು 50 ಕೋಟಿ ಯೆನ್ ಕೊಟ್ಟು ರಾಷ್ಟ್ರೀಯ ನಿಧಿ ಎನಿಸಿದ ‘ಯಾಮಾತೊರಿಗೆ’ ಎಂಬ ಕತ್ತಿಯನ್ನು ತವರಿಗೆ ತಂದಿತು.

ಕತ್ತಿ ಸೊಂಟದಿಂದ ಇಳಿದರೂ ಬಾಯಿಂದ ಇಳಿದಿಲ್ಲ. ಜಪಾನಿಯಲ್ಲಿ ಮಾತಿಗೆ ‘ಹೂಂ, ಹೌದೌದು’ ಎಂದು ಹೂಂಗುಡುವುದಕ್ಕೆ ‘ಐಜುಚಿ ಹೊಡೆಯುವುದು’ ಎನ್ನುತ್ತಾರೆ. ಐಜುಚಿ ಅಂದರೆ ಆ ಶಿಷ್ಯ ಸರದಿಯಲ್ಲಿ ಹಾಕುವ ಚಮ್ಮಟಿಗೆ ಏಟು. ಇಬ್ಬರಿಗೆ ಹೊಂದಿಕೆಯಾಗದಿದ್ದರೆ ‘ಬಾಗು ಕೂಡುವುದಿಲ್ಲ’ ಎನ್ನುತ್ತಾರೆ. ಕತ್ತಿಯ ಬಾಗಿಗೂ ಒರೆಯ ಬಾಗಿಗೂ ತಾಳೆಯಾಗದ ಹಾಗೆ.

ಜಾಹೀರಾತಿನ ಕತ್ತಿಯ ವಿಷಯ? ಅದು ಸ್ಟೇನ್‌ಲೆಸ್ ಸ್ಟೀಲು, ಗೋಡೆಗೆ ನೇತುಹಾಕಲು ಸರಿ. ಅಂಥವುಗಳಲ್ಲಿ ಹಲವಕ್ಕೆ ಹಿಡಿಯೊಳಗೆ ಬೆರಳು ದಪ್ಪದ ಸರಳು ಮಾತ್ರ ಇರುತ್ತದೆ, ಬೀಸಿದರೆ ಅಲಗು ಕಿತ್ತು ಹಾರಬಹುದು. ನಮ್ಮ ಆರ್ಮ್ಸ್ ಆಕ್ಟ್ ಮತ್ತು ಅದರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಲಗಿನ ಹರಿತವಾದ ಕತ್ತಿ ಆಯುಧವೇ. ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗಗಳಲ್ಲಿ ಲೈಸೆನ್ಸ್ ಬೇಕು. ಇದನ್ನು ಹೇಳಿದಾಗ ಹುಡುಗನ ಮುಖ ಸಪ್ಪಗಾಯಿತು.

## ಗಾಜಿನ ಮುಂದೆ

ಎಂದಾದರೂ ಟೋಕಿಯೋಗೆ ಹೋದರೆ ಉಎನೊ ಬಡಾವಣೆಯ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಕತ್ತಿಯ ಕೋಣೆಗೆ ಹೋಗಿ. ಅಲ್ಲಿ ಜನ ವಿಚಿತ್ರವಾಗಿ ನಿಂತಿರುತ್ತಾರೆ. ಗಾಜಿನ ಮುಂದೆ ಮಂಡಿ ಬಗ್ಗಿಸಿ ನಿಧಾನಕ್ಕೆ ಏಳುತ್ತಾರೆ, ಮತ್ತೆ ಕೂರುತ್ತಾರೆ. ನೇರ ನಿಂತು ನೋಡಿದರೆ ಕಾಣುವುದು ಒಂದು ಉಕ್ಕಿನ ಪಟ್ಟಿ ಮಾತ್ರ. ಮೇಲಿನ ದೀಪ ಅಲಗಿನ ಮೇಲೆ ಜಾರುವ ಹಾಗೆ ಕಣ್ಣಿನ ಎತ್ತರ ಬದಲಿಸುತ್ತಾ ಹೋಗಬೇಕು. ಒಂದು ಕೋನಕ್ಕೆ ಬಂದಾಗ ಹಮೊನ್ ಇದ್ದಕ್ಕಿದ್ದಂತೆ ಬೆಳ್ಳಗೆ ಎದ್ದು ನಿಲ್ಲುತ್ತದೆ.

ಆ ಮ್ಯೂಸಿಯಂ ಕಾಪಾಡಿಕೊಂಡಿರುವ ಕತ್ತಿಗಳಲ್ಲಿ ಒಂದು ಸಾಂಜೊ ಮುನೆಚಿಕಾ ಎಂಬ ಹೀಯಾನ್ ಕಾಲದ, ಅಂದರೆ ಕಾಮಾಕುರಾಕ್ಕೂ ಹಿಂದಿನ, ಕಮ್ಮಾರ ಮಾಡಿದ ತಾಚಿ. ಎಲ್ಲ ದಿನವೂ ಹೊರಗಿಡುವುದಿಲ್ಲ. ಹೆಸರು ‘ಮಿಕಾಜುಕಿ ಮುನೆಚಿಕಾ’. ಮಿಕಾಜುಕಿ ಅಂದರೆ ಮೂರನೇ ದಿನದ ಚಂದ್ರ, ನಮ್ಮ ಬಿದಿಗೆ ಚಂದ್ರನ ತಮ್ಮ. ಯಾರೂ ಕೆತ್ತಿದ್ದಲ್ಲ, ಮಣ್ಣು ನೀರು ಸೇರಿ ಹಮೊನ್ ಉದ್ದಕ್ಕೂ ಬಿಟ್ಟುಹೋದ ಸಣ್ಣ ಸಣ್ಣ ಚಂದ್ರಗಳವು. ಮಂಡಿ ಇನ್ನೊಂದು ಇಂಚು ಬಗ್ಗಿಸಿದರೆ ಒಂದೊಂದಾಗಿ ಹುಟ್ಟುತ್ತವೆ, ಎದ್ದು ನಿಂತರೆ ಮುಳುಗುತ್ತವೆ.